ಎರಡನೇ ಭಾಗದಲ್ಲೇ ಯಾಕೆ ಜಗಳ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಹದಿಹರೆಯದವರ ಪ್ರೇಮ ಕಾದಂಬರಿ ಸರಣಿಗಳ ಬಗ್ಗೆ. ಹಾಗಾಗಿ ಇಡೀ ಅಂಕಣ ಅದಕ್ಕೇ.

ಪ್ರಶ್ನೆ: ಮೇಡಂ, ಮೊದಲ ಭಾಗದಲ್ಲಿ ಒಂದಾಗುತ್ತಾರೆ, ಎರಡನೆಯದರಲ್ಲಿ ಯಾವುದೋ ಸಣ್ಣ ವಿಷಯಕ್ಕೆ ಬೇರೆಯಾಗುತ್ತಾರೆ, ಮೂರನೆಯದರಲ್ಲಿ ಮತ್ತೆ ಸೇರುತ್ತಾರೆ. ಪ್ರತಿ ಸರಣಿಯಲ್ಲೂ ಇದೇ ಕಥೆ. ಸುಮ್ನೆ ಪುಸ್ತಕ ಮಾರೋಕೆ ಎಳೆಯೋದು ಅಲ್ವಾ?

ಉತ್ತರ: ಎಷ್ಟೋ ಸಲ ಹೌದು, ಎಳೆಯೋದೇ. ಕಂಡುಹಿಡಿಯೋದು ಸುಲಭ. ಇಬ್ಬರೂ ಐದು ನಿಮಿಷ ಕೂತು ಮಾತಾಡಿದ್ದರೆ ಬಗೆಹರಿಯುತ್ತಿದ್ದ ವಿಷಯಕ್ಕೆ ಮುನ್ನೂರು ಪುಟ ಅಳುತ್ತಿದ್ದರೆ, ಅರ್ಧ ಕೇಳಿಸಿಕೊಂಡ ಫೋನ್ ಮಾತು, ತಲುಪದ ಪತ್ರ, ತಪ್ಪು ಹೊತ್ತಿಗೆ ಬಾಗಿಲು ತೆಗೆದು ನೋಡಿದ ದೃಶ್ಯ ಇವೇ ಇದ್ದರೆ, ಲೇಖಕರ ಹತ್ತಿರ ಒಂದೇ ಪುಸ್ತಕಕ್ಕೆ ಆಗುವಷ್ಟು ಕಥೆ ಇತ್ತು ಅಂತ ಅರ್ಥ.

ಆದರೆ ಬೇರೆಯಾಗೋಕೆ ಕಾರಣ ಆ ಹುಡುಗಿಯ ಒಳಗೇ ಇದ್ದರೆ ಲೆಕ್ಕ ಬೇರೆ. ಕೆನಡಾದ ಲೇಖಕಿ ಎಲ್. ಎಂ. ಮಾಂಟ್ಗೊಮೆರಿ ಆನ್ ಅನ್ನೋ ಹುಡುಗಿಯ ಬಗ್ಗೆ ಬರೆದ ಸರಣಿ ನೋಡಿ. 1908ರ ಮೊದಲ ಪುಸ್ತಕದಲ್ಲಿ ಶಾಲೆಯ ಹುಡುಗ ಗಿಲ್ಬರ್ಟ್ ಅವಳ ಕೆಂಪು ಕೂದಲನ್ನು ‘ಕ್ಯಾರೆಟ್’ ಅಂತ ಆಡಿಕೊಳ್ಳುತ್ತಾನೆ, ಅವಳು ಸ್ಲೇಟನ್ನು ಅವನ ತಲೆ ಮೇಲೆ ಕುಟ್ಟಿ ಮುರಿಯುತ್ತಾಳೆ. ಸ್ನೇಹ ಆಗೋದೇ ಪುಸ್ತಕದ ಕೊನೆಗೆ. 1915ರಲ್ಲಿ ಬಂದ ಮೂರನೇ ಪುಸ್ತಕದಲ್ಲಿ ಅವನು ಮದುವೆಯಾಗೋಣ ಅಂದಾಗ ಅವಳು ಒಪ್ಪುವುದಿಲ್ಲ. ಅವಳ ತಲೆಯಲ್ಲಿ ಪ್ರೀತಿ ಅಂದರೆ ಕಥೆಪುಸ್ತಕದ ರಾಜಕುಮಾರನ ಥರ ಇರಬೇಕು. ಅಂಥವನೇ ಒಬ್ಬ ಸಿಗುತ್ತಾನೆ ಕೂಡ, ಚೆಲುವ, ಶ್ರೀಮಂತ, ಮಾತು ಜೇನು. ಅವನು ಕೇಳಿದ ಹೊತ್ತಿಗೆ ತನಗೆ ಬೇಕಾದದ್ದು ಇದಲ್ಲ ಅಂತ ಅವಳಿಗೆ ಗೊತ್ತಾಗುತ್ತದೆ. ಗಿಲ್ಬರ್ಟ್ ಟೈಫಾಯ್ಡ್ ಬಂದು ಸಾಯುವ ಹಾಗಿದ್ದಾನೆ ಅನ್ನೋ ಸುದ್ದಿ ಬಂದ ಮೇಲೆ ಉಳಿದದ್ದೂ ಗೊತ್ತಾಗುತ್ತದೆ. (ನೂರು ವರ್ಷ ದಾಟಿದ ಪುಸ್ತಕ, ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಬೇಡಿ.) ಅವಳು ಬೇಡ ಅಂದದ್ದು ಯಾವುದೋ ತಪ್ಪು ತಿಳುವಳಿಕೆಯಿಂದಲ್ಲ. ಅವಳು ಇನ್ನೂ ಬೆಳೆಯಬೇಕಿತ್ತು, ಅಷ್ಟೇ. ಸರಣಿ ಅನ್ನೋದು ಇರಬೇಕಾದದ್ದೇ ಇದಕ್ಕೆ. ಹನ್ನೊಂದು ವರ್ಷದವಳಾಗಿ ಕಥೆಗೆ ಬಂದ ಹುಡುಗಿ ಇಪ್ಪತ್ತು ದಾಟೋವರೆಗೂ ಜೊತೆಗಿರೋಕೆ ಒಂದು ಪುಸ್ತಕ ಸಾಲದು.

ಪ್ರಶ್ನೆ: ಸರಣಿಯನ್ನು ಕಥೆಯ ಕ್ರಮದಲ್ಲಿ ಓದಬೇಕೋ, ಪುಸ್ತಕ ಬಂದ ಕ್ರಮದಲ್ಲೋ?

ಉತ್ತರ: ಮೊದಲ ಸಲ ಬಂದ ಕ್ರಮದಲ್ಲೇ ಓದಿ. ಆನ್ ಸರಣಿಯಲ್ಲೇ ಅವಳ ಮದುವೆಯ ಪುಸ್ತಕ ಬಂದದ್ದು 1917ರಲ್ಲಿ, ಮದುವೆಗೆ ಮುಂಚಿನ ಮೂರು ವರ್ಷದ ಕಥೆ ಬಂದದ್ದು 1936ರಲ್ಲಿ. ನಡುವೆ ಎಷ್ಟೋ ವರ್ಷ ಆದ ಮೇಲೆ ಬರೆದದ್ದು, ಆ ವ್ಯತ್ಯಾಸ ಓದುವಾಗ ತಿಳಿಯುತ್ತದೆ. ಎರಡನೇ ಸಲಕ್ಕೆ ನಿಮ್ಮಿಷ್ಟ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು. ಇಂಥ ಪುಸ್ತಕಗಳ ಹುಚ್ಚು ಹಿಡಿದಿದೆ. ಕೊಡಬಹುದಾ?

ಉತ್ತರ: ‘ಯಂಗ್ ಅಡಲ್ಟ್’ ಅಂತ ಪ್ರಕಾಶಕರು ಹಾಕೋದು ಸಾಮಾನ್ಯವಾಗಿ 12ರಿಂದ 18ರವರಿಗೆ. ಹನ್ನೆರಡಕ್ಕೂ ಹದಿನೆಂಟಕ್ಕೂ ಎಷ್ಟು ದೂರ ಅಂತ ನಿಮಗೇ ಗೊತ್ತು. ಹಾಗಾಗಿ ಹಿಂದಿನ ರಟ್ಟು ನೋಡಿ ತೀರ್ಮಾನ ಮಾಡಬೇಡಿ, ನೀವೂ ಒಮ್ಮೆ ಓದಿ. ಸರಣಿಯಾದರೆ ಕೊನೇ ಭಾಗವನ್ನೂ ತಿರುವಿ ಹಾಕಿ, ಯಾಕೆಂದರೆ ಪಾತ್ರಗಳಿಗೆ ವಯಸ್ಸಾದ ಹಾಗೆ ಕಥೆಯೂ ದೊಡ್ಡವರದ್ದಾಗುತ್ತದೆ, ಮೊದಲ ಭಾಗ ಓದಿದವಳು ನಾಲ್ಕನೆಯದನ್ನೂ ಕೇಳಿಯೇ ಕೇಳುತ್ತಾಳೆ.

ಮುತ್ತಿನ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ನನಗೆ ಚಿಂತೆ ಇರೋದು ಅವಳು ಬೇಡ ಅಂದ ಮೇಲೂ ಹಿಂದೆ ಬೀಳುವ ಹುಡುಗನ ಬಗ್ಗೆ, ಅವಳ ಫೋನ್ ನೋಡುವವನ ಬಗ್ಗೆ, ಗೆಳತಿಯರಿಂದ ದೂರ ಮಾಡುವವನ ಬಗ್ಗೆ, ರಾತ್ರಿ ಕದ್ದು ಕೋಣೆಗೆ ಬಂದು ಮಲಗಿದವಳನ್ನು ನೋಡುತ್ತಾ ಕೂರುವವನ ಬಗ್ಗೆ. ಇದನ್ನೆಲ್ಲ ಪುಸ್ತಕವೇ ‘ಎಷ್ಟು ಪ್ರೀತಿ ನೋಡಿ’ ಅಂತ ತೋರಿಸಿದರೆ ಮಗಳ ಜೊತೆ ಅದರ ಬಗ್ಗೆ ಮಾತಾಡಿ. ಕಿತ್ತುಕೊಳ್ಳಬೇಡಿ, ಕಿತ್ತುಕೊಂಡರೆ ನಿಮಗೆ ಹೇಳದೆ ಓದುತ್ತಾಳೆ. ‘ನಿನ್ನ ಗೆಳತಿಗೆ ಇಂಥವನು ಸಿಕ್ಕರೆ ಏನು ಹೇಳ್ತೀಯ?’ ಅಂತ ಕೇಳಿ ನೋಡಿ, ಉಪದೇಶಕ್ಕಿಂತ ಜಾಸ್ತಿ ನಾಟುತ್ತದೆ.

ಪ್ರಶ್ನೆ: ಒಬ್ಬಳಿಗೆ ಇಬ್ಬರು ಹುಡುಗರು. ಈ ತ್ರಿಕೋನ ಸಾಕಾಗಿ ಹೋಗಿದೆ!

ಉತ್ತರ: ನನಗೂ. ಇಬ್ಬರ ಹೆಸರನ್ನು ಅದಲುಬದಲು ಮಾಡಿ ನೋಡಿ. ಅವಳ ಬದುಕಲ್ಲಿ ಏನೂ ಬದಲಾಗದಿದ್ದರೆ ಆ ಪುಸ್ತಕ ಮುಚ್ಚಿಡಿ.

ಪ್ರಶ್ನೆ: ಮೂರು ಭಾಗದ ಕಾದಂಬರಿ ಬರೆಯುತ್ತಿದ್ದೇನೆ, ನನಗೆ ಹತ್ತೊಂಬತ್ತು. ಮೊದಲ ಭಾಗವನ್ನು ಎಲ್ಲಿ ನಿಲ್ಲಿಸಲಿ? ಕೊನೆಗೆ ಅಪಘಾತ ಇಟ್ಟರೆ ಓದುಗರು ಎರಡನೆಯದಕ್ಕೆ ಬರುತ್ತಾರೆ ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ಬರುತ್ತಾರೆ, ಸಿಟ್ಟಿನಿಂದ ಬರುತ್ತಾರೆ. ಹುಡುಗಿಯ ಒಂದು ಕಥೆ ಮೊದಲ ಭಾಗದಲ್ಲೇ ಮುಗಿಯಲಿ, ಪ್ರೇಮ ಬೇಕಾದರೆ ಅರ್ಧಕ್ಕೇ ಇರಲಿ. ಮತ್ತೆ ಆನ್ ಸರಣಿಯ ಮೊದಲ ಪುಸ್ತಕಕ್ಕೇ ಬರುತ್ತೇನೆ, ಕ್ಷಮಿಸಿ. ಅನಾಥೆಯಾಗಿ ಅವಳು ಬಂದದ್ದು, ಹುಡುಗ ಬೇಕಿತ್ತು ಅಂತ ಅವಳನ್ನು ವಾಪಸ್ ಕಳಿಸಬೇಕು ಅಂದುಕೊಂಡಿದ್ದ ಮನೆಗೆ. ಕೊನೆಗೆ ಆ ಮನೆ ಉಳಿಯಲಿ ಅಂತ ಅವಳೇ ವಿದ್ಯಾರ್ಥಿವೇತನ ಬಿಟ್ಟು ನಿಲ್ಲುತ್ತಾಳೆ. ಗಿಲ್ಬರ್ಟ್ ತನಗೆ ಸಿಕ್ಕಿದ್ದ ಊರಿನ ಶಾಲೆಯ ಕೆಲಸವನ್ನು ಅವಳಿಗೆ ಬಿಟ್ಟುಕೊಡುತ್ತಾನೆ. ಇಬ್ಬರೂ ಕೈ ಕುಲುಕುತ್ತಾರೆ, ಅಷ್ಟೇ. ಕಥೆ ಮುಗಿದಿದೆ, ಆದರೂ ಮುಂದಿನದು ಬೇಕು ಅನಿಸುತ್ತದೆ. ಅಪಘಾತ ತೆಗೆದುಹಾಕಿ.

ಪ್ರಶ್ನೆ: ಕೊನೆಗೆ ಇಬ್ಬರೂ ಸೇರದಿದ್ದರೆ ಅದು ಪ್ರೇಮಕಥೆ ಹೇಗಾಗುತ್ತೆ?

ಉತ್ತರ: ಆಗುತ್ತೆ. ಅಮೆರಿಕದ ಲೇಖಕಿ ಮೊರೀನ್ ಡೇಲಿಯ, 1942ರಲ್ಲಿ ಬಂದ ‘ಸೆವೆಂಟೀನ್ತ್ ಸಮ್ಮರ್’ ಕಾದಂಬರಿಯಲ್ಲಿ ರಜೆ ಮುಗಿದ ಮೇಲೆ ಹುಡುಗಿ ಕಾಲೇಜಿಗೆ ಹೊರಡುತ್ತಾಳೆ, ಹುಡುಗ ಬೇರೆ ಕಡೆ ಹೋಗುತ್ತಾನೆ. ಓದಿ ನೋಡಿ, ಆಮೇಲೆ ಬೇಕಾದರೆ ಜಗಳ ಆಡೋಣ.

ಪ್ರಶ್ನೆ: ನನಗೆ ನಲವತ್ತೆರಡು. ಇವನ್ನು ಓದ್ತೀನಿ ಅಂದರೆ ನಗ್ತಾರೆ.

ಉತ್ತರ: ನಗಲಿ ಬಿಡಿ. ಎಷ್ಟನೇ ಭಾಗದಲ್ಲಿದ್ದೀರಿ, ಬರೆದು ತಿಳಿಸಿ.