ಮೀನು ತಂದು ಬಿಡದ ಮೀನಿನ ಕ್ಲಬ್ಬು

ಓದುಗರ ಪತ್ರ:

"ನಾವು ಮಿಶಿಗನ್‌ಗೆ ಬಂದು ಮೂರು ವರ್ಷವಾಯ್ತು. ಮನೆಯ ಹತ್ತಿರ ಒಂದು ತೊರೆ ಇದೆ. ಇಲ್ಲಿ ಟ್ರೌಟ್ ಅಂತ ತಣ್ಣೀರಿನ ಮೀನೊಂದಿದೆ, ಅದರ ಕ್ಲಬ್ಬಿನವರು ಶನಿವಾರ ಬಂದು ನೀರಿಗೆ ಮರದ ದಿಮ್ಮಿ ಇಳಿಸುತ್ತಾರೆ, ದಡದಲ್ಲಿ ಗಿಡ ನೆಡುತ್ತಾರೆ. ಮೀನು ಕಡಿಮೆಯಾಗಿದೆ ಅಂತಾರೆ, ಆದರೆ ಮರಿ ಮಾತ್ರ ತಂದು ಬಿಡೋದಿಲ್ಲ. ಬಿಟ್ಟರೆ ಕೆಲಸ ಸಲೀಸಲ್ವಾ? ಹಿಡಿದ ಮೀನನ್ನೂ ವಾಪಸ್ ನೀರಿಗೆ ಬಿಡ್ತಾರೆ. ಬಿಡೋದಾದರೆ ಹಿಡಿಯೋದು ಯಾಕೆ? ಮಗಳು ಈ ಕ್ಲಬ್ಬಿಗೆ ಸೇರಬೇಕು ಅಂತ ಹಟ ಹಿಡಿದಿದ್ದಾಳೆ. ನನಗೆ ಗಾಳ ಹಾಕೋದು ಇಷ್ಟವಿಲ್ಲ. ಕಳಿಸಲಾ, ಬೇಡವಾ?"
(ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಕಳಿಸಿ. ಆದರೆ ನೀವೂ ಜೊತೆಗೆ ಹೋಗಿ. ಗಾಳ ಮುಟ್ಟದೆಯೂ ಅಲ್ಲಿ ಮಾಡೋಕೆ ಬೇಕಾದಷ್ಟು ಕೆಲಸ ಇದೆ.

ಮರಿ ತಂದು ಬಿಟ್ಟರೆ ಸಲೀಸಲ್ವಾ ಅಂತ ಕೇಳಿದ್ದೀರಿ. ಈ ಪ್ರಶ್ನೆಯಿಂದಲೇ ಅಮೆರಿಕದ ಟ್ರೌಟ್ ಕ್ಲಬ್ಬುಗಳ ಕಥೆ ಶುರುವಾಗೋದು, ಅದೂ ನಿಮ್ಮ ರಾಜ್ಯದಲ್ಲೇ. 1959ರ ಜುಲೈನಲ್ಲಿ ಗ್ರೇಲಿಂಗ್ ಊರಿನ ಹತ್ತಿರ, ಔ ಸೇಬಲ್ ನದಿಯ ದಡದ ಒಂದು ಮನೆಯಲ್ಲಿ 16 ಜನ ಸೇರಿದರು. ಮನೆ ಜಾರ್ಜ್ ಗ್ರಿಫಿತ್ ಅವರದು. ಬಂದವರೆಲ್ಲ ಗಾಳ ಹಾಕುವವರೇ. ಆಗ ಸರ್ಕಾರ ತೊಟ್ಟಿಯಲ್ಲಿ ಸಾಕಿದ ಟ್ರೌಟನ್ನು ಲಾರಿಯಲ್ಲಿ ತಂದು ನದಿಗೆ ಸುರಿಯುತ್ತಿತ್ತು. ಇದು ಬೇಡ, ಮೀನು ತಾನಾಗಿ ಮರಿ ಮಾಡುವಂಥ ನೀರು ಬೇಕು ಅಂತ ಅವರು ಪಟ್ಟು ಹಿಡಿದರು. ಹಾಗೆ ಹುಟ್ಟಿದ್ದೇ ಟ್ರೌಟ್ ಅನ್‌ಲಿಮಿಟೆಡ್. ಈಗ ಅದರ ಶಾಖೆಗಳು ದೇಶದ ತುಂಬ ಇವೆ.

ಸಾಕಿದ ಮೀನಿಂದ ಏನು ತೊಂದರೆ? ಅದು ಹುಟ್ಟಿದಾಗಿನಿಂದ ಸಿಮೆಂಟ್ ತೊಟ್ಟಿಯಲ್ಲಿ, ಸಾವಿರಾರು ಮೀನುಗಳ ನಡುವೆ, ಮೇಲಿಂದ ಬೀಳುವ ಕಾಳು ತಿಂದು ಬೆಳೆದಿರುತ್ತದೆ. ನೆರಳು ಕಂಡರೆ ಓಡಬೇಕು ಅನ್ನೋದು ಗೊತ್ತಿಲ್ಲ. ನೆರಳು ಅಂದರೆ ಊಟ ಬಂತು ಅಂತಲೇ ಅದರ ಲೆಕ್ಕ. ತೊರೆಗೆ ಬಿಟ್ಟಾಗ ಅಲ್ಲಿ ಮೊದಲೇ ಜಾಗ ಮಾಡಿಕೊಂಡಿದ್ದ ಮೀನುಗಳ ಮೇಲೆ ಬಿದ್ದು ಕಿತ್ತಾಡುತ್ತದೆ. ಅವುಗಳನ್ನು ಎಬ್ಬಿಸಿ ಓಡಿಸುತ್ತದೆ. ಕೊನೆಗೆ ತಾನೂ ಬದುಕೋದಿಲ್ಲ, ಬಹುಪಾಲು ಮುಂದಿನ ವರ್ಷ ನೋಡೋದೇ ಇಲ್ಲ.

ಮೊಂಟಾನಾ ರಾಜ್ಯದಲ್ಲಿ ಡಿಕ್ ವಿನ್ಸೆಂಟ್ ಎಂಬ ಮೀನು ತಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಮ್ಯಾಡಿಸನ್ ನದಿಯ ಒಂದು ಭಾಗದಲ್ಲಿ ಮೀನು ಬಿಡೋದು ನಿಲ್ಲಿಸಿದರು. ಅಲ್ಲಿ ನದಿಯ ಸ್ವಂತ ಟ್ರೌಟ್ ಜಾಸ್ತಿಯಾಯ್ತು. ಪಕ್ಕದ ಒಡೆಲ್ ಕ್ರೀಕ್‌ನಲ್ಲಿ ಅಲ್ಲಿಯವರೆಗೆ ಬಿಡದೇ ಇದ್ದ ಕಡೆ ಬಿಟ್ಟರು. ಅಲ್ಲಿ ಸ್ವಂತ ಮೀನು ಕುಸಿಯಿತು. ಊರಿನ ಜನ, ಅಂಗಡಿಯವರು, ಗಾಳ ಹಾಕುವವರು ಎಲ್ಲ ಸೇರಿ ಗಲಾಟೆ ಮಾಡಿದರೂ, 1974ರಲ್ಲಿ ಮೊಂಟಾನಾ ತನ್ನ ಟ್ರೌಟ್ ನದಿಗಳಿಗೆ ಸಾಕಿದ ಮೀನು ಬಿಡೋದನ್ನು ನಿಲ್ಲಿಸಿತು. ಇವತ್ತು ಜಗತ್ತಿನ ಮೂಲೆಮೂಲೆಯಿಂದ ಜನ ಟ್ರೌಟ್‌ಗಾಗಿ ಹೋಗೋದು ಅದೇ ನದಿಗಳಿಗೆ.

ನಿಮ್ಮ ಮಗಳು ಚುರುಕಾದ ಹುಡುಗಿಯಾದರೆ ಒಂದು ಪ್ರಶ್ನೆ ಹಾಕ್ತಾಳೆ. ಮಿಶಿಗನ್‌ನ ಬ್ರೌನ್ ಟ್ರೌಟ್ ಕೂಡ ಯಾರೋ ತಂದು ಬಿಟ್ಟಿದ್ದೇ ಅಲ್ವಾ ಅಂತ. ಹೌದು. 1884ರಲ್ಲಿ ಜರ್ಮನಿಯ ಮೊಟ್ಟೆಯಿಂದ ಬಂದ ಮರಿಗಳನ್ನು ಬಾಲ್ಡ್‌ವಿನ್ ನದಿಗೆ ಬಿಟ್ಟರು. ಔ ಸೇಬಲ್‌ನಲ್ಲಿರುವ ಇನ್ನೊಂದು ಜಾತಿ, ಬ್ರೂಕ್ ಟ್ರೌಟ್ ಕೂಡ ಆಮೇಲೆ ಬಂದದ್ದೇ. ಅದಕ್ಕೂ ಮುಂಚೆ ಅಲ್ಲಿ ಇದ್ದದ್ದು ಗ್ರೇಲಿಂಗ್, ಬೆನ್ನ ಮೇಲೆ ಪಟದಂಥ ರೆಕ್ಕೆಯ ಮೀನು. ಊರಿಗೆ ಆ ಹೆಸರು ಬಂದದ್ದೇ ಅದರಿಂದ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪೈನ್ ಕಾಡು ಕಡಿದು, ದಿಮ್ಮಿಗಳನ್ನು ನದಿಯಲ್ಲಿ ತೇಲಿಸಿ ಸಾಗಿಸಿದರು. ದಿಮ್ಮಿಗಳು ನದಿಯ ತಳವನ್ನು ಉಜ್ಜಿಕೊಂಡು ಹೋದವು. ನೆರಳು ಹೋಯ್ತು, ದಡ ಕುಸಿದು ಮರಳು ತುಂಬಿತು. ಜನ ಗ್ರೇಲಿಂಗನ್ನು ಹಿಡಿದೂ ಹಿಡಿದೂ ಪೆಟ್ಟಿಗೆಗಟ್ಟಲೆ ಪಟ್ಟಣಕ್ಕೆ ಕಳಿಸಿದರು. ಹೊಸದಾಗಿ ಬಂದ ಟ್ರೌಟ್ ಉಳಿದ ಜಾಗವನ್ನೂ ಕಸಿದುಕೊಂಡಿತು. 1936ರ ಹೊತ್ತಿಗೆ ಮಿಶಿಗನ್‌ನಲ್ಲಿ ಒಂದು ಗ್ರೇಲಿಂಗ್ ಕೂಡ ಉಳಿಯಲಿಲ್ಲ. ಈಗ ಬುಡಕಟ್ಟು ಸಮುದಾಯಗಳೂ ರಾಜ್ಯ ಇಲಾಖೆಯೂ ಸೇರಿ ಅದನ್ನು ಮತ್ತೆ ತರಲು ಪ್ರಯತ್ನಿಸುತ್ತಿವೆ. ಅದಾಗಲಿ ಅಂತ ನನಗೆ ತುಂಬ ಆಸೆ.

ಈ ಕಥೆ ಗೊತ್ತಾದರೆ ದಿಮ್ಮಿ ಇಳಿಸೋದು ಯಾಕೆ ಅಂತಲೂ ಗೊತ್ತಾಗುತ್ತದೆ. ತೊರೆಗೆ ಅಡ್ಡ ಬಿದ್ದ ಮರಗಳನ್ನೆಲ್ಲ ಆ ಕಾಲದಲ್ಲಿ ಎಳೆದು ಹಾಕಿದ್ದರು, ದಿಮ್ಮಿ ಸರಾಗವಾಗಿ ಹೋಗಲಿ ಅಂತ. ಇವರು ಅದನ್ನು ವಾಪಸ್ ಇಡುತ್ತಿದ್ದಾರೆ. ಅಗಲವಾಗಿ ಹರಡಿಕೊಂಡು ನಿಧಾನವಾಗಿ ಹರಿಯುವ ನೀರು ದಿಮ್ಮಿಯ ಹತ್ತಿರ ಇಕ್ಕಟ್ಟಾಗಿ ಜೋರಾಗುತ್ತದೆ. ಮರಳನ್ನು ತಳ್ಳಿಕೊಂಡು ಹೋಗುತ್ತದೆ. ಕೆಳಗೆ ಜಲ್ಲಿ ಕಾಣಿಸುತ್ತದೆ, ದಿಮ್ಮಿಯ ಹಿಂದೆ ಮಡು ಬೀಳುತ್ತದೆ. ಮೀನಿಗೆ ಅಡಗಿಕೊಳ್ಳೋಕೆ ಮನೆಯೂ ಆಯ್ತು.

ಮರಳಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮಿಶಿಗನ್ ತೊರೆಗಳ ದೊಡ್ಡ ಕಾಯಿಲೆಯೇ ಅದು. ಹೆಣ್ಣು ಬ್ರೂಕ್ ಟ್ರೌಟ್ ಅಕ್ಟೋಬರ್, ನವೆಂಬರ್‌ನಲ್ಲಿ ಮೊಟ್ಟೆ ಇಡುತ್ತದೆ. ಪಕ್ಕಕ್ಕೆ ಮಲಗಿ ಬಾಲದಿಂದ ಪಟಪಟ ಬಡಿಯುತ್ತದೆ. ಜಲ್ಲಿ ಎದ್ದು ಸಣ್ಣ ಗುಂಡಿಯಾಗುತ್ತದೆ. ಅದರಲ್ಲಿ ಮೊಟ್ಟೆ ಇಟ್ಟು, ಮೇಲಿನಿಂದ ಮತ್ತೆ ಜಲ್ಲಿ ಎಳೆದು ಮುಚ್ಚುತ್ತದೆ. ಚಳಿಗಾಲವೆಲ್ಲ ಮೊಟ್ಟೆ ಆ ಕಲ್ಲುಗಳ ಸಂದಿಯಲ್ಲೇ ಇರಬೇಕು. ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಉಸಿರು. ಮರಳು ಬಂದು ಸಂದಿ ಮುಚ್ಚಿದರೆ ಅಲ್ಲೇ ಉಸಿರು ಕಟ್ಟಿ ಸಾಯುತ್ತದೆ. ಹಂಟ್ ಕ್ರೀಕ್ ಎಂಬ ಮಿಶಿಗನ್ ತೊರೆಯಲ್ಲಿ ಸಂಶೋಧಕರು ಬೇಕೆಂದೇ 5 ವರ್ಷ ದಿನಾ ಮರಳು ಸುರಿದು ನೋಡಿದರು. ಬ್ರೂಕ್ ಟ್ರೌಟ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅಂಥ ತಳದ ಮೇಲೆ ನೀವು ಲಾರಿಗಟ್ಟಲೆ ಮರಿ ತಂದು ಸುರಿದರೂ ಅವು ಮೊಟ್ಟೆ ಇಡೋದೆಲ್ಲಿ? ಮುಂದಿನ ವರ್ಷ ಮತ್ತೆ ಲಾರಿ ಬೇಕು. ಅದಕ್ಕೇ ಕ್ಲಬ್ಬಿನವರು ದಡ ಕುಸಿಯುವ ಕಡೆ ಗಿಡ ನೆಡೋದು, ತೊರೆಯ ತಳದಲ್ಲಿ ಗುಂಡಿ ತೋಡಿ ಮರಳು ಹಿಡಿದು ತೆಗೆಸೋದು, ಮಣ್ಣು ರಸ್ತೆಯ ನೀರು ನೇರ ತೊರೆಗೆ ಇಳಿಯದ ಹಾಗೆ ಪಕ್ಕಕ್ಕೆ ತಿರುಗಿಸೋದು.

ರಸ್ತೆ ಅಂದಾಗ ಮೋರಿ ನೆನಪಾಯ್ತು. ಹಳೇ ಮೋರಿಯ ಕೊಳವೆ ಕಿರಿದಾಗಿರುತ್ತದೆ. ಕೆಳಗಿನ ಬಾಯಿಂದ ನೀರು ಸಣ್ಣ ಜಲಪಾತದ ಹಾಗೆ ಬೀಳುತ್ತದೆ. ಒಂದಡಿ ಎತ್ತರವಿದ್ದರೂ ಸಣ್ಣ ಮೀನಿಗೆ ಅದು ಗೋಡೆಯೇ. ಬೇಸಿಗೆಯಲ್ಲಿ ತಂಪು ಒರತೆಯ ಕಡೆಗೆ ಹೋಗಬೇಕಾದ ಮೀನು ಅಲ್ಲೇ ನಿಂತುಬಿಡುತ್ತದೆ. ಕ್ಲಬ್ಬಿನವರು ಟೇಪು ಹಿಡಿದು ಮೋರಿ ಅಳೆಯುತ್ತಾ ಕೂತಿದ್ದರೆ ಸುಮ್ನೆ ಕಾಲ ಕಳೀತಿದ್ದಾರೆ ಅಂದುಕೊಳ್ಳಬೇಡಿ. ಆ ಲೆಕ್ಕ ಇಟ್ಟುಕೊಂಡೇ ರಸ್ತೆ ಇಲಾಖೆಯ ಮುಂದೆ ಹೋಗಿ ಅಗಲವಾದ ಮೋರಿ ಕೇಳೋದು.

ಇನ್ನು ತಂಪು. ಟ್ರೌಟ್‌ಗೆ ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟ, 25ರ ಹತ್ತಿರ ಹೋದರೆ ಪ್ರಾಣಕ್ಕೇ ಸಂಚಕಾರ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 10 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿಸುತ್ತದೆ, 25ರಲ್ಲಿ 8ರ ಆಸುಪಾಸು. ಮೀನಿಗೆ ಉಸಿರು ಜಾಸ್ತಿ ಬೇಕಾದ ಹೊತ್ತಿಗೇ ಸಿಗೋದು ಕಡಿಮೆ. ಔ ಸೇಬಲ್ ಬೇಸಿಗೆಯಲ್ಲೂ ತಂಪಾಗಿರೋದು ನೆಲದೊಳಗಿಂದ ಬರುವ ನೀರಿನಿಂದ. ಮಳೆ ಮರಳು ನೆಲದಲ್ಲಿ ಇಂಗಿ, ಒರತೆಯಾಗಿ ಹೊರಗೆ ಬರುತ್ತದೆ. ದಡದ ಮರದ ನೆರಳು ಆ ತಂಪನ್ನು ಕಾಪಾಡುತ್ತದೆ. ದಡದ ಗಿಡ ನೋಟಕ್ಕಲ್ಲ.

ಒಮ್ಮೆ ನಾನು ಇಂಥದೇ ಒಂದು ಕ್ಲಬ್ಬಿನ ಜೊತೆ ಅರ್ಧ ದಿನ ನೀರಲ್ಲಿ ನಿಂತಿದ್ದೆ. ಮೊಣಕಾಲಿನವರೆಗೆ ನೀರು, ಬೆರಳು ಮರಗಟ್ಟುವಷ್ಟು ತಣ್ಣಗೆ. ಜೊತೆಗಿದ್ದ ಹಿರಿಯರು ತಳದಿಂದ ಅಂಗೈ ಅಗಲದ ಕಲ್ಲೊಂದನ್ನು ಎತ್ತಿ ಮಗುಚಿದರು. ಮೊದಲು ನನಗೆ ಏನೂ ಕಾಣಲಿಲ್ಲ, ಕೊಳೆ ಅಂದುಕೊಂಡೆ. ಆಮೇಲೆ ಕೊಳೆ ನಡೆಯೋಕೆ ಶುರುವಾಯ್ತು. ಅಕ್ಕಿಕಾಳಿನ ಉದ್ದದ ಒಂದು ಕೊಳವೆ, ಮೈತುಂಬ ಮರಳಿನ ಕಾಳು ಅಂಟಿಸಿಕೊಂಡಿದೆ, ಮುಂದಿನಿಂದ ಆರು ಕಾಲು ಹೊರಗೆ ಬಂದಿವೆ. ಕ್ಯಾಡಿಸ್ ಹುಳು. ಪಕ್ಕದಲ್ಲಿ ಸ್ಟೋನ್‌ಫ್ಲೈ ಎಂಬ ಕೀಟದ ಎರಡು ಬಾಲದ ಮರಿ. ಅವರು ಅದನ್ನು ಬಿಳಿ ತಟ್ಟೆಗೆ ಹಾಕಿ ಎಣಿಸಿ ಬರೆದುಕೊಂಡರು. ಕೊಳಕು ನೀರಲ್ಲಿ ಮೊದಲು ಕಾಣೆಯಾಗೋದು ಸ್ಟೋನ್‌ಫ್ಲೈ. ಎಣಿಸಿದ ಮೇಲೆ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಇಟ್ಟರು. ಅಷ್ಟು ಹುಷಾರಿ ನನಗೆ ತುಂಬ ಹಿಡಿಸಿತು.

ಈಗ ನಿಮ್ಮ ಎರಡನೇ ಪ್ರಶ್ನೆ, ಬಿಡೋದಾದರೆ ಹಿಡಿಯೋದು ಯಾಕೆ. ಗಾಳ ಮೀನಿಗೆ ನೋವು ಕೊಡೋದಿಲ್ಲ ಅಂತ ನಾನು ಹೇಳೋದಿಲ್ಲ. ನಿಮ್ಮ ಮನಸ್ಸು ಒಪ್ಪದಿದ್ದರೆ ಹಾಕಬೇಡಿ. ಆದರೆ ಹಾಕುವವರಲ್ಲೂ ವ್ಯತ್ಯಾಸ ಇದೆ. ಒಳ್ಳೇ ಕ್ಲಬ್ಬಿನವರು ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತಾರೆ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟುತ್ತಾರೆ, ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ರೋಗ ಹತ್ತುತ್ತದೆ. ಫೋಟೋಗೆ ಎತ್ತಿ ಹಿಡಿದು ನಿಲ್ಲೋದಿಲ್ಲ. ನೀರು 20 ಡಿಗ್ರಿ ದಾಟಿದ ದಿನ ಗಾಳವನ್ನೇ ಹಾಕೋದಿಲ್ಲ, ಬಿಟ್ಟ ಮೀನೂ ಆಮೇಲೆ ಸತ್ತುಹೋಗುವ ಸಂಭವ ಇರುವುದರಿಂದ. ಇನ್ನೊಂದು ವಿಷಯವನ್ನೂ ತೂಗಿ ನೋಡಿ. 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯ ಪ್ರಕಾರ ಗಾಳ, ಕೋಲು, ರೀಲುಗಳ ಮೇಲಿನ ತೆರಿಗೆ ರಾಜ್ಯಗಳ ಮೀನು ಸಂರಕ್ಷಣೆಗೆ ಹೋಗುತ್ತದೆ. ಆ ಡಿಂಗೆಲ್ ಮಿಶಿಗನ್‌ನ ಸಂಸದರೇ. ನಿಮ್ಮ ತೊರೆಗೆ ಕಾವಲಿರುವ ಜನ ಬಹುಪಾಲು ಗಾಳ ಹಾಕುವವರೇ ಆಗಿದ್ದರೆ ಅದಕ್ಕೆ ಕಾರಣ ಇದೆ. ವಾರವಾರ ಅದೇ ನೀರಲ್ಲಿ ನಿಂತವರಿಗೆ ಮರಳು ಏರಿದ್ದು, ಹುಳು ಕಡಿಮೆಯಾದದ್ದು ಬೇಗ ಗೊತ್ತಾಗುತ್ತದೆ.

ಮಗಳಿಗೆ ಒಂದು ಕೆಲಸ ಹೇಳಿ. ಒಂದು ಥರ್ಮಾಮೀಟರ್ ಕೊಡಿಸಿ, ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಒಂದೇ ಜಾಗದಲ್ಲಿ ನೀರಿನ ಬಿಸಿ ಅಳೆದು ಬರೆದಿಡಲಿ. ಕ್ಲಬ್ಬಿಗೆ ಅದು ನಿಜವಾಗಿಯೂ ಬೇಕು. ನೀರಿಗೆ ಇಳಿಯೋಕೆ ಬೂಟು ಕೊಳ್ಳುವಾಗ ಅಡಿಭಾಗದಲ್ಲಿ ಬಟ್ಟೆಯಂಥ ಫೆಲ್ಟ್ ಇರೋದು ಬೇಡ, ರಬ್ಬರಿನದು ತಗೊಳ್ಳಿ. ಒಂದು ತೊರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ತೊಳೆದು ಪೂರ್ತಿ ಒಣಗಿಸಿ. ನ್ಯೂಜಿಲೆಂಡ್ ಮಡ್‌ಸ್ನೇಲ್ ಎಂಬ ಎಳ್ಳಿನಷ್ಟು ಚಿಕ್ಕ ಬಸವನಹುಳು ಹೀಗೆ ಬೂಟು ಹತ್ತಿಕೊಂಡೇ ನದಿಯಿಂದ ನದಿಗೆ ಹೋಗುತ್ತದೆ. 2015ರಲ್ಲಿ ಮಿಶಿಗನ್‌ನ ಪೇರ್ ಮಾರ್ಕೆಟ್ ನದಿಯಲ್ಲಿ ಕಂಡಿತು, ಮರುವರ್ಷ ಔ ಸೇಬಲ್‌ನಲ್ಲಿ.

ಅಕ್ಟೋಬರ್‌ನಲ್ಲಿ ಹೋಗುವುದಾದರೆ ದಡದಲ್ಲೇ ನಿಂತು ನೋಡಿ, ನೀರಿಗೆ ಇಳಿಯಬೇಡಿ. ಸುತ್ತಲಿನ ತಳ ಪಾಚಿ ಹಿಡಿದು ಕಪ್ಪಗಿರುವಾಗ ಒಂದು ಕಡೆ ಮಾತ್ರ ಜಲ್ಲಿ ಈಗಷ್ಟೇ ತೊಳೆದಿಟ್ಟ ಹಾಗೆ ಬೆಳ್ಳಗೆ ಕಾಣುತ್ತದೆ. ಊಟದ ತಟ್ಟೆಯಷ್ಟು ಅಗಲ ಇರುತ್ತದೆ. ಅದರ ಕೆಳಗೆ ಮೊಟ್ಟೆಗಳಿವೆ. ಅದರ ಮೇಲೆ ಕಾಲಿಡಬಾರದು ಅಂತ ಮಗಳಿಗೆ ಹೇಳಿ. ಬಹುಶಃ ಅವಳೇ ನಿಮಗಿಂತ ಮೊದಲು ಅದನ್ನು ಗುರುತಿಸುತ್ತಾಳೆ.