ಏಳನೇ ಕ್ಲಾಸಿನ ಮಗಳು ದಶಮಾಂಶ ಗುಣಾಕಾರದಲ್ಲಿ ಬಿಂದು ತಪ್ಪು ಜಾಗಕ್ಕೆ ಹಾಕುತ್ತಾಳೆ, ಏನು ಮಾಡಲಿ?

ನಿಮ್ಮ ಮಗಳು 6.4 × 0.25 ಕ್ಕೆ 0.016 ಅಂತ ಬರೆದಿದ್ದಾಳೆ. ಸ್ಥಾನ ಎಣಿಸುವ ನಿಯಮ ಬಾಯಿಪಾಠ ಮಾಡಿಸಲೋ, ದಿನಕ್ಕೆ ಇಪ್ಪತ್ತು ಲೆಕ್ಕ ಕೊಡಲೋ, ಟ್ಯೂಷನ್‌ಗೆ ಕಳಿಸಲೋ ಅಂತ ಕೇಳಿದ್ದೀರಿ. ಮೂರೂ ಬೇಡ. ಇದೇ ಬಿಂದು ನಮ್ಮ ಮನೆಯ ಕೆಳಗಿನ ತೋಟದ ಒಂದು ವರ್ಷದ ಅಡಿಕೆ ತಿಂದಿದೆ, ಮೊದಲು ಅದನ್ನು ಕೇಳಿ.

ನಮ್ಮದು ಶಿರಸಿ ತಾಲೂಕು. ಕುಮಟಾ ರಸ್ತೆಯಲ್ಲಿ ದೇವಿಮನೆ ಘಟ್ಟ ಇಳಿಯುವ ಮುಂಚೆ ಒಳಗೆ ಸಿಗುವ ಊರು. 1994ನೇ ಇಸವಿ, ನಾನು ಏಳನೇ ಕ್ಲಾಸು. ಗಣಿತದಲ್ಲಿ ಕ್ಲಾಸಿಗೇ ಮೊದಲು, ಆ ಕೊಬ್ಬೂ ಸ್ವಲ್ಪ ಇತ್ತು ಅನ್ನಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರುತ್ತದೆ, ಹಸಿ ಕಾಯಿ ಕೊಳೆತು ಉದುರುತ್ತದೆ. ಅದಕ್ಕೆ ಮೈಲುತುತ್ತು, ಅಂದರೆ ತಾಮ್ರದ ನೀಲಿ ಹರಳು, ಮತ್ತು ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಅಡಿಕೆ ಗೊನೆಗಳಿಗೆ ಹೊಡೆಯಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಈ ಎರಡನೆಯದೇ ತಲೆಬಿಸಿ. ಮಳೆ ಬಿಟ್ಟು ಹೊಳವಾಗಬೇಕು, ಹೊಳವಾದ ದಿನವೇ ಮರ ಹತ್ತಿ ಹೊಡೆಯುವ ಕೊನೆಗೌಡ ಸಿಗಬೇಕು, ಊರಲ್ಲಿ ಎಲ್ಲರಿಗೂ ಅವನೊಬ್ಬನೇ ಬೇಕು.

ಆ ದಿನ ಅಪ್ಪ ಅಜ್ಜಿಯನ್ನು ಕರೆದುಕೊಂಡು ಹುಬ್ಬಳ್ಳಿ ಆಸ್ಪತ್ರೆಗೆ ಹೋಗಿದ್ದ. ಹೊರಡುವಾಗ ಹೇಳಿ ಹೋಗಿದ್ದು ಇಷ್ಟೇ. "ಗೌಡ ಬಂದರೆ ಬಿಡಬೇಡ. ನೂರು ಲೀಟರಿಗೆ ಒಂದು ಕೇಜಿ ತುತ್ತು, ಒಂದು ಕೇಜಿ ಸುಣ್ಣ." ಅವನು ಬಂದೇ ಬಿಟ್ಟ. ಬೇರೆ ದಿನವಾಗಿದ್ದರೆ ಇನ್ನೂರು ಲೀಟರಿನ ಬ್ಯಾರಲ್ ಇರುತ್ತಿತ್ತು, ಎರಡು ಕೇಜಿ ಹಾಕಿದರೆ ಮುಗಿಯಿತು, ಲೆಕ್ಕವೇ ಬೇಕಾಗಿರಲಿಲ್ಲ. ಅದು ಮೇಲಿನ ಮನೆಗೆ ಹೋಗಿತ್ತು. ಉಳಿದದ್ದು ಒಂದು ಸಣ್ಣ ಪ್ಲಾಸ್ಟಿಕ್ ಡ್ರಮ್ಮು. ನಮ್ಮ ಕೊಡಪಾನಕ್ಕೆ 12.5 ಲೀಟರ್ ಹಿಡಿಯುತ್ತದೆ ಅಂತ ಅಳೆದಿಟ್ಟಿದ್ದೆವು. ಡ್ರಮ್ಮಿಗೆ ಐದು ಕೊಡ, ಅಂದರೆ 62.5 ಲೀಟರ್.

ಈಗ ನನ್ನ ಬುದ್ಧಿವಂತಿಕೆ ನೋಡಿ. ನೂರು ಲೀಟರಿಗೆ ಒಂದು ಕೇಜಿ ಅಂದರೆ ಒಂದು ಲೀಟರಿಗೆ 0.01 ಕೇಜಿ. ಹಾಗಾದರೆ 62.5 × 0.01. ಶಾಲೆಯಲ್ಲಿ ಅದೇ ತಿಂಗಳು ಕಲಿಸಿದ್ದರು. ಬಿಂದು ಬಿಟ್ಟು ಗುಣಿಸು, ಆಮೇಲೆ ಬಿಂದುವಿನ ನಂತರದ ಅಂಕಿ ಎಣಿಸಿ ಅಷ್ಟು ಸ್ಥಾನ ಬಲಗಡೆಯಿಂದ ಒಳಗೆ ಬಾ. ನಿಯಮ ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. 625 × 1 = 625. ಸರಿ. ಇನ್ನು ಎಣಿಸಬೇಕು. 62.5 ರಲ್ಲಿ ಒಂದು. 0.01 ರಲ್ಲಿ ಮೂರು. ಒಟ್ಟು ನಾಲ್ಕು.

ಮೂರು ಎಲ್ಲಿಂದ ಬಂತು? ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಮೂವತ್ತು ವರ್ಷದಿಂದ ಇದನ್ನೇ ಯೋಚಿಸಿದ್ದೇನೆ. ಶಾಲೆಯಲ್ಲಿ ನಾವು .01 ಅಂತ ಬರೆಯುತ್ತಿದ್ದೆವು, ಮುಂದೆ ಸೊನ್ನೆ ಇಲ್ಲ. ಅವತ್ತು ಜವಾಬ್ದಾರಿಯ ಕೆಲಸ ಅಲ್ವಾ, ಚಂದ ಮಾಡಿ 0.01 ಅಂತ ಬರೆದೆ. ಎಣಿಸುವಾಗ ಆ ಚಂದದ ಸೊನ್ನೆಯೂ ಸೇರಿಹೋಯಿತು. ನಾಲ್ಕು ಸ್ಥಾನ ಒಳಗೆ ಬರಬೇಕು, 625 ರಲ್ಲಿ ಇರುವುದೇ ಮೂರು ಅಂಕಿ, ಒಂದು ಕಡಿಮೆ ಬಿತ್ತು. ಕಡಿಮೆ ಬಿದ್ದರೆ ಮುಂದೆ ಸೊನ್ನೆ ಸೇರಿಸಬೇಕು ಅಂತಲೂ ಕಲಿಸಿದ್ದರಲ್ಲ, ಸೇರಿಸಿದೆ. 0.0625 ಕೇಜಿ. ಗ್ರಾಮಿಗೆ ತಿರುಗಿಸಿದರೆ 62.5. ಅಲ್ಲಿ ತಪ್ಪು ಮಾಡಲಿಲ್ಲ ನೋಡಿ! 62.5 ಲೀಟರಿಗೆ 62.5 ಗ್ರಾಂ. ಎರಡೂ ಕಡೆ ಒಂದೇ ಅಂಕಿ ಬಂದದ್ದು ನೋಡಿ ಖುಷಿಯೇ ಆಯಿತು, ಇಷ್ಟು ಚಂದ ಹೊಂದುವ ಉತ್ತರ ತಪ್ಪಾಗಲಿಕ್ಕೆ ಸಾಧ್ಯವೇ ಇಲ್ಲ ಅನ್ನಿಸಿತು.

ಏಲಕ್ಕಿ ತೂಗುವ ಸಣ್ಣ ತಕ್ಕಡಿ ತಂದೆ. ಒಂದು ಕಡೆ ಐವತ್ತು ಗ್ರಾಮಿನ ಕಲ್ಲು, ಹತ್ತು ಗ್ರಾಮಿನ ಕಲ್ಲು. ಇನ್ನೊಂದು ಕಡೆ ತುತ್ತು. ಮೇಲಿನ ಎರಡೂವರೆ ಗ್ರಾಮಿಗೆ ಎರಡು ನೀಲಿ ಹರಳು, ಅಂದಾಜಿಗೆ. ಇಡೀ ದಿನದಲ್ಲಿ ನಾನು ಅಂದಾಜು ಮಾಡಿದ್ದು ಅದೊಂದೇ.

ಸುಣ್ಣವೂ ಅಷ್ಟೇ. ಗೌಡ ಬಂದು ನೋಡಿದ. "ತಮಾ, ಬಣ್ಣ ತೆಳು ಕಾಣ್ತದಲ್ಲ?" ಅಂದ. ನಾನು ಚೀಟಿ ತೋರಿಸಿದೆ, ಲೆಕ್ಕ ಮಾಡಿದ್ದೇನೆ ಅಂದೆ. ಅವನು ಚೂರಿ ಅದ್ದಿ ನೋಡಿದ. ಸುಣ್ಣ ಕಡಿಮೆಯಾದರೆ ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂರುತ್ತದೆ, ಅದು ಎಲ್ಲರೂ ಮಾಡುವ ಪರೀಕ್ಷೆ. ಕೆಂಪು ಬರಲಿಲ್ಲ. ಬರುವುದು ಹೇಗೆ? ತುತ್ತೂ ಸುಣ್ಣವೂ ಸಮ ಇತ್ತು. ಎರಡೂ ಹತ್ತರಲ್ಲಿ ಒಂದು ಪಾಲು ಇತ್ತು, ಅಷ್ಟೇ. ಚೂರಿಗೆ ಅದು ಗೊತ್ತಾಗುವುದಿಲ್ಲ. ಅವನ ಕಣ್ಣಿಗೆ ಗೊತ್ತಾಗಿತ್ತು, ನಾನು ಚೀಟಿ ಹಿಡಿದು ಬಾಯಿ ಮುಚ್ಚಿಸಿದೆ. ಮೂರು ಡ್ರಮ್ಮು, ಎಂಬತ್ತು ತೊಂಬತ್ತು ಮರ.

ಮೂರು ವಾರದಲ್ಲಿ ಕೆಳಗಿನ ತೋಟಕ್ಕೆ ಹೋದರೆ ಕಾಲಿಟ್ಟಲ್ಲಿ ಕಾಯಿ. ಕೊಳೆ ವಾಸನೆ ಗೊತ್ತಿದ್ದವರಿಗೆ ಗೊತ್ತು. ಅರ್ಧಕ್ಕಿಂತ ಜಾಸ್ತಿ ಹೋಯಿತು. ಮೇಲಿನ ತೋಟಕ್ಕೆ ಅಪ್ಪನೇ ಹಿಂದಿನ ವಾರ ಹೊಡೆಸಿದ್ದ, ಅಲ್ಲಿ ಏನೂ ಆಗಿರಲಿಲ್ಲ. ಅಪ್ಪ ತುತ್ತು ಕಲಬೆರಕೆ ಅಂತ ಅಂಗಡಿಯವನನ್ನು ಬೈಯುತ್ತಿದ್ದ, ಮಳೆಯನ್ನೂ ಬೈದ. ನಾನು ಸುಮ್ಮನಿದ್ದೆ. ನಿಜವಾಗಿಯೂ ನನ್ನ ಲೆಕ್ಕ ಸರಿ ಅಂತಲೇ ನಂಬಿದ್ದೆ.

ದೀಪಾವಳಿ ಹೊತ್ತಿಗೆ ತಕ್ಕಡಿ ಪೆಟ್ಟಿಗೆಯಲ್ಲಿ ಆ ಚೀಟಿ ಅಪ್ಪನಿಗೆ ಸಿಕ್ಕಿತು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು, ದಶಮಾಂಶ ಗಿಶಮಾಂಶ ಗೊತ್ತಿಲ್ಲ. ಕರೆದು ಕೇಳಿದ.

"ಐವತ್ತು ಲೀಟರಿಗೆ ಎಷ್ಟು ತುತ್ತು?"

"ಅರ್ಧ ಕೇಜಿ."

"ಅರವತ್ತೆರಡಕ್ಕೆ?"

ಬಾಯಿ ಬಿಡುವ ಮೊದಲೇ ನನಗೆ ಹೊಳೆಯಿತು. ಅರ್ಧ ಕೇಜಿ, ಮೇಲೊಂದು ಅರೆಕಾಲು. 625 ಗ್ರಾಂ. ನಾನು ಹಾಕಿದ್ದು ಒಂದು ಮುಷ್ಟಿ. ಅಪ್ಪ ಬೈಯಲಿಲ್ಲ, ಚೀಟಿ ಮಡಚಿ ವಾಪಸು ಪೆಟ್ಟಿಗೆಯಲ್ಲೇ ಇಟ್ಟ. ಬೈದಿದ್ದರೆ ಒಳ್ಳೆಯದಿತ್ತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಮೇಷ್ಟ್ರಲ್ಲ, ಶಿರಸಿ ಪೇಟೆಯಲ್ಲಿ ಪೈಪು, ಪಂಪಿನ ಅಂಗಡಿ ಇಟ್ಟುಕೊಂಡಿದ್ದೇನೆ. ಕಾರವಾರದಲ್ಲಿರುವ ತಂಗಿಯ ಮಗಳು ರಜೆಗೆ ಬಂದಾಗ ಅವಳಿಗೆ ಇದೇ ಲೆಕ್ಕ ಹೇಳಿಕೊಟ್ಟ ಅನುಭವ ಮಾತ್ರ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಣಿಸುವ ನಿಯಮ ತಪ್ಪಲ್ಲ, ಅದನ್ನೇ ಮೊದಲು ಕಲಿಸುವುದು ತಪ್ಪು. ಎಣಿಸಲು ಹೊರಟ ಮಗು ಸಂಖ್ಯೆ ನೋಡುವುದನ್ನು ಬಿಡುತ್ತದೆ. 62.5 ಲೀಟರ್ ಅನ್ನುವುದು ಒಂದು ಡ್ರಮ್ಮು ನೀರು ಅನ್ನುವುದು ಮರೆತು ನನಗೆ ಬರೀ ಅಂಕಿಯಾಗಿತ್ತಲ್ಲ, ಹಾಗೆ.

ಮೊದಲು ಅಂದಾಜು. ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆಸಿ, ಗುಣಿಸುವ ಮೊದಲೇ ಬರೆಸಿ. ಆಮೇಲೆ ಬರೆಸಿದರೆ ಮಕ್ಕಳು ಬಂದ ಉತ್ತರಕ್ಕೆ ಹೊಂದುವ ಹಾಗೆ ಅಂದಾಜನ್ನೇ ತಿರುಚುತ್ತಾರೆ, ನನ್ನ ತಂಗಿಯ ಮಗಳು ಅದನ್ನೇ ಮಾಡುತ್ತಿದ್ದಳು. 3.8 × 2.1 ಇದೆ ಅಂದುಕೊಳ್ಳಿ. ಸುಮಾರು 4, ಸುಮಾರು 2, ಹಾಗಾಗಿ 8 ರ ಹತ್ತಿರ. ಈಗ ಬಿಂದು ಬಿಟ್ಟು ಗುಣಿಸಿದರೆ 798. ಎಂಟರ ಹತ್ತಿರ ಬರಬೇಕಾದರೆ ಬಿಂದು ಎಲ್ಲಿ ಕೂರಬೇಕು? 7.98. ಏನನ್ನೂ ಎಣಿಸಲಿಲ್ಲ. ಅಂಗಡಿಯಲ್ಲಿ ನಾನು ಹೀಗೇ ಮಾಡುವುದು. ಮೀಟರಿಗೆ 48.5 ರೂಪಾಯಿಯ ಪೈಪು ಐದೂವರೆ ಮೀಟರ್ ಅಂದರೆ 250 ಕ್ಕೂ 300 ಕ್ಕೂ ನಡುವೆ. ಯಂತ್ರದಲ್ಲಿ 266.75 ಬಂದರೆ ಸರಿ, 2667.5 ಬಂದರೆ ಎಲ್ಲೋ ಬೆರಳು ತಪ್ಪಿದೆ.

ಅಂದಾಜು ನಿಖರ ಇರಬೇಕು ಅಂತ ಒತ್ತಾಯ ಮಾಡಬೇಡಿ. 4.5 × 6.5 ಕ್ಕೆ ಒಬ್ಬರು 5 × 7 = 35 ಅನ್ನಬಹುದು, ಇನ್ನೊಬ್ಬರು 4 × 7 = 28 ಅನ್ನಬಹುದು. ನಿಜವಾದ ಉತ್ತರ 29.25. ಇಬ್ಬರಿಗೂ ಬಿಂದು ಸರಿಯಾದ ಜಾಗಕ್ಕೇ ಬೀಳುತ್ತದೆ, 2.925 ಅಂತಲೋ 292.5 ಅಂತಲೋ ಯಾರೂ ಬರೆಯುವುದಿಲ್ಲ. ಒರಟು ಅಂದಾಜು ಸಾಕು.

ಕಷ್ಟ ಬರುವುದು ಒಂದಕ್ಕಿಂತ ಸಣ್ಣ ಸಂಖ್ಯೆಯಲ್ಲಿ. ಗುಣಿಸಿದರೆ ದೊಡ್ಡದಾಗಬೇಕು ಅಂತ ಮಕ್ಕಳ ತಲೆಯಲ್ಲಿ ಕೂತಿರುತ್ತದೆ, ಒಂದನೇ ಮಗ್ಗಿಯಿಂದ ನಾವೇ ಕೂರಿಸಿದ್ದು. ಅದಕ್ಕೇ 0.8 × 0.6 ಕ್ಕೆ 4.8 ಬರೆಯುತ್ತಾರೆ. ಇಲ್ಲಿ "ಗುಣಿಸು" ಅನ್ನಬೇಡಿ, "0.8 ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೆಗೆದುಕೋ" ಅನ್ನಿ. ಅರ್ಧವೇ 0.4, ಹಾಗಾಗಿ 0.48. ನಂಬದಿದ್ದರೆ ಚೌಕದ ಹಾಳೆಯಲ್ಲಿ ಹತ್ತು ಸಾಲು, ಹತ್ತು ಕಂಬ ಎಳೆಸಿ, ಎಂಟು ಕಂಬಕ್ಕೆ ಒಂದು ಬಣ್ಣ, ಆರು ಸಾಲಿಗೆ ಇನ್ನೊಂದು ಬಣ್ಣ ಹಚ್ಚಿಸಿ. ಎರಡೂ ಬಣ್ಣ ಬಿದ್ದ ಮನೆಗಳು ನೂರರಲ್ಲಿ 48. ಹತ್ತರಲ್ಲೊಂದರ ಹತ್ತರಲ್ಲೊಂದು ನೂರರಲ್ಲೊಂದು ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಸ್ಥಾನ ಎಣಿಸುವ ನಿಯಮ ಹುಟ್ಟಿದ್ದೂ ಅಲ್ಲಿಂದಲೇ. ಈ ಹಾಳೆ ನೋಡಿದ ಮೇಲೆ ನಿಯಮ ಹೇಳಿ, ಅಡ್ಡಿಯಿಲ್ಲ. 0.03 × 0.2 ದಂಥ ಲೆಕ್ಕಕ್ಕೆ ಅದು ಬೇಕೇ ಬೇಕು, ಅಷ್ಟು ಸಣ್ಣದಕ್ಕೆ ಅಂದಾಜು ಕೈ ಕೊಡುತ್ತದೆ.

ಇನ್ನೊಂದು, ಓದುವ ರೀತಿ. ನಾವು "ಪಾಯಿಂಟ್ ಇಪ್ಪತ್ತೈದು", "ಪಾಯಿಂಟ್ ಐದು" ಅನ್ನುತ್ತೇವೆ. ಕೇಳಿದ ಮಗುವಿಗೆ ಇಪ್ಪತ್ತೈದೇ ದೊಡ್ಡದು. "ಪಾಯಿಂಟ್ ಎರಡು ಐದು" ಅಂತ ಓದಿಸಿ. ಮನೆಯಲ್ಲಿ ಜಮೀನಿದ್ದರೆ ಇನ್ನೂ ಒಂದು ಗೊಂದಲ. ಪಹಣಿಯಲ್ಲಿ 1.20 ಅಂತ ಇದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ ಒಂದೂವರೆ ಎಕರೆ. ಕ್ರಿಕೆಟ್ಟಿನಲ್ಲಿ 4.3 ಓವರ್ ಅಂದರೂ ನಾಲ್ಕೂವರೆ ಓವರ್. ಇವು ದಶಮಾಂಶವೇ ಅಲ್ಲ, ಬರೀ ನಡುವಿನ ಚುಕ್ಕೆ. ಇದನ್ನು ಮಗುವಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಈಗ ನಿಮ್ಮ ಮಗಳ 0.016. ಅವಳು ಎಣಿಸುವುದಿಲ್ಲ, ಅಜಾಗರೂಕತೆ ಅಂತ ಬರೆದಿದ್ದೀರಲ್ಲ, ನಾನು ಒಪ್ಪುವುದಿಲ್ಲ. 64 × 25 = 1600. ಕೊನೆಯ ಎರಡು ಸೊನ್ನೆಗೆ ಬೆಲೆ ಇಲ್ಲ ಅಂತ ಯಾರೋ ಹೇಳಿದ್ದಾರೆ, ಅವಳು ಅದನ್ನು ಮೊದಲೇ ಹೊಡೆದುಹಾಕಿದ್ದಾಳೆ, 16 ಉಳಿಯಿತು. ಆಮೇಲೆ ಮೂರು ಸ್ಥಾನ ಸರಿಯಾಗಿಯೇ ಎಣಿಸಿದ್ದಾಳೆ, ನನಗಿಂತ ಸರಿಯಾಗಿ. ಬಿಂದು ಹಾಕಿದ ಮೇಲೆ ಹೊಡೆಯಬೇಕಾದ ಸೊನ್ನೆಯನ್ನು ಮುಂಚೆ ಹೊಡೆದದ್ದಷ್ಟೇ ತಪ್ಪು. ಇವತ್ತು ಸಂಜೆ ನೋಟ್‌ಬುಕ್ ತೆಗೆಸಬೇಡಿ. ಆರು ಚಿಲ್ಲರೆ ಲೀಟರ್ ಹಾಲಿನಲ್ಲಿ ಕಾಲು ಭಾಗ ಎಷ್ಟಾಗಬಹುದು ಅಂತ ಕೇಳಿ. ಒಂದೂವರೆ ಲೀಟರ್ ಅಂತ ಅವಳೇ ಹೇಳುತ್ತಾಳೆ. ಆಮೇಲೆ ಆ 1600 ನ್ನು ಅವಳ ಮುಂದಿಟ್ಟು ಸುಮ್ಮನೆ ಕೂತಿರಿ.