ಆಲ್ಫಾ ಬರಲಿಲ್ಲವೆಂದು ಪ್ರಶ್ನೆಯನ್ನೇ ಕಿತ್ತುಹಾಕುವವರಿಗೆ

ಹದಿಹರೆಯದವರ ಮತ್ತು ಕುಟುಂಬ ಚಿಕಿತ್ಸೆಯ ಸಂಶೋಧನೆ ಕುರಿತು ಬಂದಿರುವ ಪತ್ರಗಳಲ್ಲಿ ಈ ಸಲವೂ ಮುಕ್ಕಾಲು ಪಾಲು ಹಳೆಯ ಪ್ರಶ್ನೆಗಳೇ. ಒಂದಕ್ಕೆ ಮಾತ್ರ ವಿವರವಾಗಿ ಉತ್ತರಿಸಿದ್ದೇನೆ. ಗಡಿನಾಡಿನಲ್ಲಿ ಸಂಶೋಧನೆ ಮಾಡುವ ಹತ್ತರಲ್ಲಿ ಎಂಟು ಮಂದಿ ಎಡವುವುದು ಅದೇ ಹೊಂಡದಲ್ಲಿ.

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ 8 ಮತ್ತು 9ನೇ ತರಗತಿಯ 180 ಮಕ್ಕಳಿಗೆ ಮ್ಯಾಕ್‌ಮಾಸ್ಟರ್ ಕುಟುಂಬ ಮಾಪನದ (ಮನೆಯವರ ಹೊಂದಾಣಿಕೆ ಅಳೆಯುವ ಇಂಗ್ಲಿಷ್ ಪ್ರಶ್ನಾವಳಿ) 12 ವಾಕ್ಯಗಳ ಭಾಗವನ್ನು ನಾನೇ ಅನುವಾದಿಸಿ ಕೊಟ್ಟೆ. ಕ್ರೋನ್‌ಬಾಕ್ ಆಲ್ಫಾ, ಅಂದರೆ ವಾಕ್ಯಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಅಂಕಿ, 0.41 ಬಂತು; 0.70 ಆದರೂ ಇರಬೇಕೆನ್ನುತ್ತಾರೆ. ನಾಲ್ಕು ವಾಕ್ಯ ತೆಗೆದರೆ 0.70 ದಾಟುತ್ತದೆ. ತೆಗೆಯಬಹುದೇ? ಅನುವಾದದ ಪ್ರತಿ ಜೊತೆಗಿದೆ. (ಸಂಶೋಧನಾ ವಿದ್ಯಾರ್ಥಿನಿ, ಬದಿಯಡ್ಕ)

ಉತ್ತರ: ತೆಗೆಯಬಾರದು. ಸಾಫ್ಟ್‌ವೇರು 'ಈ ವಾಕ್ಯ ತೆಗೆದರೆ ಆಲ್ಫಾ ಇಷ್ಟು' ಎಂದು ಒಂದು ಕಾಲಂ ತೋರಿಸುತ್ತದೆ ನೋಡಿ, ಅದನ್ನು ಔಷಧಿ ಚೀಟಿಯ ಹಾಗೆ ಓದುವುದು ನಾಟಿ ವೈದ್ಯಕ್ಕಿಂತ ಕಡೆ. ಆ ಮಾಪನದಲ್ಲಿ ಸರಾಸರಿ 2.00 ದಾಟಿದರೆ ಮನೆಯ ಹೊಂದಾಣಿಕೆಯಲ್ಲಿ ತೊಂದರೆ ಇದೆ ಎನ್ನುವ ಗಡಿಯನ್ನು ಹಾಕಿದ್ದು 12 ವಾಕ್ಯಗಳಿಗೆ. ಎಂಟಕ್ಕೆ ಇಳಿಸಿದ ಮೇಲೆ ಆ ಗಡಿಗೂ ನಿಮ್ಮ ಅಂಕಿಗೂ ಸಂಬಂಧವಿಲ್ಲ.

ಮೊದಲು ಕೋಡಿಂಗ್, ಅಂದರೆ ಉತ್ತರಗಳಿಗೆ ಅಂಕ ಹಾಕಿದ ರೀತಿ ನೋಡಿ. 12ರಲ್ಲಿ 6 ವಾಕ್ಯಗಳು ಮನೆಯ ಒಳ್ಳೆಯದನ್ನು ಹೇಳುತ್ತವೆ, 6 ತೊಂದರೆಯನ್ನು. ಒಂದು ಗುಂಪಿನ ಅಂಕವನ್ನು ತಿರುಗಿಸಲೇಬೇಕು. 1ರಿಂದ 4ರ ಅಳತೆಯಲ್ಲಿ 5ರಿಂದ ಕಳೆದರಾಯಿತು, 4 ಇದ್ದದ್ದು 1 ಆಗುತ್ತದೆ. ಇದನ್ನು ಮರೆತೇ ಅರ್ಧ ಜನ ಪತ್ರ ಬರೆಯುತ್ತಾರೆ. ತಿರುಗಿಸಿದ ಮೇಲೂ ಒಂದು ವಾಕ್ಯ ಉಳಿದವುಗಳ ಮೊತ್ತದ ಜೊತೆ ಋಣಾತ್ಮಕ ಸಂಬಂಧ ತೋರಿಸಿದರೆ, ಮಕ್ಕಳು ಅದನ್ನು ನೀವಂದುಕೊಂಡ ಅರ್ಥಕ್ಕೆ ಉಲ್ಟಾ ಓದಿದ್ದಾರೆ ಎಂದು ತಿಳಿಯಿರಿ.

ಯಾಕೆ ಹಾಗೆ ಓದಿದರು ಎಂಬುದಕ್ಕೆ ನಿಮ್ಮ ಅನುವಾದದಲ್ಲೇ ಮೂರು ಕಾರಣ ಕಾಣುತ್ತದೆ.

ಒಂದು, ಎಲ್ಲ ಕಡೆ 'ಕುಟುಂಬ' ಎಂದು ಬರೆದಿದ್ದೀರಿ. ಮೈಸೂರಿನಲ್ಲಿ ಅದು ಗಂಡ, ಹೆಂಡತಿ, ಮಕ್ಕಳು. ತುಳು ಮಾತಾಡುವ ಮನೆಯ ಹುಡುಗನಿಗೆ 'ಕುಟುಂಬದ ಮನೆ' ಎಂದರೆ ತರವಾಡು (ಇಡೀ ವಂಶದ ಮೂಲ ಮನೆ), ಅಲ್ಲಿಯ ದೈವ, ವರ್ಷಕ್ಕೊಮ್ಮೆ ಸೇರುವ ನೂರಾರು ಮಂದಿ. ಹವ್ಯಕರ ಮನೆಯಲ್ಲೂ 'ಕುಟುಂಬದವರು' ಎಂದರೆ ಸೂತಕ ಬರುವವರ ಬಳಗ. ಒಬ್ಬರನ್ನೊಬ್ಬರು ನಂಬುತ್ತೀರಾ ಎಂದು ಕೇಳಿದರೆ ಆ ಹುಡುಗ ತರವಾಡಿನ ಜಾಗದ ತಕರಾರನ್ನು ನೆನೆಸಿಕೊಂಡು ಉತ್ತರಿಸುತ್ತಾನೆ. ತಪ್ಪು ಅವನದಲ್ಲ. 'ನಿಮ್ಮ ಮನೆಯಲ್ಲಿ, ಅಂದರೆ ಒಂದೇ ಒಲೆಯ ಅಡುಗೆ ಉಣ್ಣುವವರಲ್ಲಿ' ಎಂದು ಮೇಲ್ಗಡೆ ಒಮ್ಮೆ ಬರೆಯಿರಿ, ವಾಕ್ಯಗಳಲ್ಲಿ 'ಮನೆಯಲ್ಲಿ' ಸಾಕು. ದುಬೈಯಲ್ಲಿರುವ ಅಪ್ಪನನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದನ್ನೂ ಅಲ್ಲೇ ಹೇಳಿ. ಇಲ್ಲದಿದ್ದರೆ ಅರ್ಧ ಮಕ್ಕಳು ಹಿಡಿಯುತ್ತಾರೆ, ಅರ್ಧ ಬಿಡುತ್ತಾರೆ.

ಎರಡು, 'ಚರ್ಚಿಸುತ್ತೇವೆ'. ಎದುರು ಮಾತಾಡಿದ ಮಗುವಿಗೆ 'ಹೆಚ್ಚು ಚರ್ಚೆ ಮಾಡಬೇಡ' ಎಂದು ಗದರುವ ಊರಿದು. ಇಲ್ಲಿ ಚರ್ಚೆ ಎಂದರೆ ವಾದ. ಮನೆಯ ಒಳ್ಳೆಯದನ್ನು ಹೇಳಬೇಕಾದ ವಾಕ್ಯ ಜಗಳದ ವಾಕ್ಯವಾಗಿ ಕೂತಿದೆ. 'ಕೂತು ಮಾತಾಡುತ್ತೇವೆ' ಎನ್ನಿ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. 'ನಂಬುವುದಿಲ್ಲ' ಎಂಬಂಥ ವಾಕ್ಯದ ಎದುರು 'ಹೌದು / ಇಲ್ಲ' ಶೈಲಿಯ ನಾಲ್ಕು ಆಯ್ಕೆ ಇಟ್ಟಿದ್ದೀರಿ. 'ಊಟ ಆಗಿಲ್ವಾ?' ಎಂದರೆ ನಾವು 'ಇಲ್ಲ' ಎನ್ನುತ್ತೇವೆ, ಅಂದರೆ ಆ ಮಾತನ್ನು ಒಪ್ಪುತ್ತೇವೆ. ಹಾಗಾಗಿ 'ನಂಬುವುದಿಲ್ಲ' ಎಂಬುದಕ್ಕೆ 'ಇಲ್ಲವೇ ಇಲ್ಲ' ಎಂದು ಗುರುತು ಹಾಕಿದ ಮಗು ಯಾವ ಕಡೆಗಿದೆ ಎಂದು ದೇವರಿಗೇ ಗೊತ್ತು. ಎರಡು ಕಡೆ ಸರಿಪಡಿಸಬೇಕು. ಕ್ರಿಯಾಪದದ ಇಲ್ಲವನ್ನು ಬಿಟ್ಟು ಅದೇ ಅರ್ಥದ ನೇರ ಮಾತು ಹುಡುಕಿ: 'ನಂಬುವುದಿಲ್ಲ' ಬದಲು 'ಸಂಶಯದಿಂದ ನೋಡುತ್ತಾರೆ'. ಆಯ್ಕೆಗಳನ್ನು 'ಈ ಮಾತು ನಮ್ಮ ಮನೆಗೆ ಪೂರ್ತಿ ಸರಿ, ಸುಮಾರಾಗಿ ಸರಿ, ಅಷ್ಟು ಸರಿಯಲ್ಲ, ಪೂರ್ತಿ ತಪ್ಪು' ಎಂದು ಬದಲಿಸಿ.

ಮರು ಅನುವಾದ (ಕನ್ನಡದ್ದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದ ಜೊತೆ ಹೋಲಿಸುವುದು) ಮಾಡಿಸಿದ್ದೇನೆ ಎಂದು ಬರೆದಿದ್ದೀರಿ. ಒಳ್ಳೆಯದು, ಆದರೆ ಈ ಮೂರು ತಪ್ಪುಗಳಲ್ಲಿ ಒಂದೂ ಅದರಲ್ಲಿ ಸಿಕ್ಕಿಬೀಳುವುದಿಲ್ಲ. 'ಕುಟುಂಬ' ಇಂಗ್ಲಿಷಿಗೆ ಹೋಗುವಾಗ ಚೆನ್ನಾಗಿಯೇ 'ಫ್ಯಾಮಿಲಿ' ಆಗುತ್ತದೆ. ಓದಿಕೊಂಡವನು ಓದಿಕೊಂಡವನಿಗೆ ಮಾಡುವ ಅನುವಾದ ಅದು. ಆದ್ದರಿಂದ ಕ್ರಮ ಹೀಗಿರಲಿ. ಹಕ್ಕು ಇರುವವರಿಂದ ಬರಹದಲ್ಲಿ ಅನುಮತಿ, ಅಧಿಕೃತ ಕನ್ನಡ ಆವೃತ್ತಿ ಇದೆಯೇ ಎಂಬ ವಿಚಾರಣೆ. ಇಬ್ಬರಿಂದ ಬೇರೆ ಬೇರೆಯಾಗಿ ಅನುವಾದ, ಅವರಲ್ಲಿ ಒಬ್ಬರು ಸೈಕಾಲಜಿ ಓದದವರಾಗಿರಲಿ, ಹೈಸ್ಕೂಲಿನ ಕನ್ನಡ ಟೀಚರ್ ಆದರೆ ಉತ್ತಮ. ಎರಡನ್ನೂ ಕೂಡಿಸಿ ಒಂದು. ಮೂಲವನ್ನು ಕಂಡೇ ಇಲ್ಲದವರಿಂದ ಮರು ಅನುವಾದ. ಆಮೇಲೆ, ಯಾರೂ ಮಾಡದ ಕೆಲಸ: ಮುಖ್ಯ ಅಧ್ಯಯನದಲ್ಲಿಲ್ಲದ 8–10 ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ, ಪ್ರತಿ ವಾಕ್ಯ ಓದಿ, 'ಇದನ್ನು ನಿನ್ನ ಮಾತಲ್ಲಿ ಹೇಳು, ಉತ್ತರ ಹಾಕುವಾಗ ಯಾರು ನೆನಪಾದರು?' ಎಂದು ಕೇಳಬೇಕು. ತುಳು, ಹವ್ಯಕ, ಮಲಯಾಳ, ಬ್ಯಾರಿ, ಮರಾಠಿ ಮನೆಮಾತಿನ ಮಕ್ಕಳು ಅದರಲ್ಲಿ ಇರಲೇಬೇಕು. ಮಗು ತಡವರಿಸಿದ ಕಡೆ ಪೆನ್ಸಿಲ್ ಗೆರೆ. ತಿದ್ದಿ, ಇನ್ನೈದು ಮಕ್ಕಳಿಗೆ ಕೇಳಿ. ಅಲ್ಲಿಂದ ಮುಂದೆ 30–40 ಮಕ್ಕಳ ಪೈಲಟ್ (ಪ್ರಾಯೋಗಿಕ ಅಧ್ಯಯನ), ಎರಡು ವಾರ ಬಿಟ್ಟು ಅವರಿಗೇ ಮತ್ತೊಮ್ಮೆ. ನಡುವೆ ಪರೀಕ್ಷೆಯೋ ಓಣಂ ರಜೆಯೋ ಬಾರದಂತೆ ದಿನ ನೋಡಿ.

ತರಗತಿಯಲ್ಲಿ ಅರ್ಥವಾಗದವರಿಗೆ ತುಳುವಿನಲ್ಲಿ ವಿವರಿಸಿದೆ ಎಂದೂ ಇದೆ ನಿಮ್ಮ ಪತ್ರದಲ್ಲಿ. ಬಾಯಿಗೆ ಬಂದಂತೆ ವಿವರಿಸಿದರೆ ಪ್ರತಿ ತರಗತಿಗೂ ಬೇರೆ ಪ್ರಶ್ನೆ ಕೇಳಿದಂತೆ. ತುಳು ಮಾತನ್ನೂ ಮೊದಲೇ ಕನ್ನಡ ಲಿಪಿಯಲ್ಲಿ ಬರೆದಿಟ್ಟು ಓದಬೇಕು, ಯಾರಿಗೆ ಓದಿದಿರಿ ಎಂದು ಹಾಳೆಯಲ್ಲಿ ಗುರುತಿಸಬೇಕು. ಕ್ಲಾಸ್ ಟೀಚರನ್ನು ಹೊರಗೆ ಕಳಿಸಿ. ಹಾಳೆಯಲ್ಲಿ ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಒಂದೇ ಮನೆಯ ಅಕ್ಕ 9ರಲ್ಲಿ, ತಮ್ಮ 8ರಲ್ಲಿ ಇದ್ದರೆ ಅದನ್ನೂ ಗುರುತಿಸಿಡಿ. ಒಂದೇ ಮನೆಯನ್ನು ಎರಡು ಮನೆ ಎಂದು ಎಣಿಸುವಂತಿಲ್ಲ.

ಕೈಯಲ್ಲಿರುವ 180 ಹಾಳೆ ಹಾಳಾಯಿತೇ? ಮುಖ್ಯ ಫಲಿತಾಂಶಕ್ಕೆ ಹೌದು. ಆದರೆ 0.41 ಎಂದೇ ಬರೆದು, ಯಾಕೆ ಬಂತು ಎಂದು ವಾಕ್ಯವಾರು ತೋರಿಸಿದರೆ ಅದೇ ಥೀಸಿಸ್ಸಿನ ಒಂದು ಅಧ್ಯಾಯವಾಗುತ್ತದೆ. ಗೈಡ್ ಒಪ್ಪದಿದ್ದರೆ ಒಂದು ವರ್ಷ ತಡವಾಗಲಿ ಬಿಡಿ.

ಪ್ರಶ್ನೆ: ಮಗ ಹೇಳಿದ್ದಕ್ಕೂ ತಾಯಿ ಹೇಳಿದ್ದಕ್ಕೂ ತಾಳೆಯಾಗುತ್ತಿಲ್ಲ. ಯಾರದನ್ನು ನಂಬಲಿ?

ಉತ್ತರ: ಇಬ್ಬರದ್ದನ್ನೂ. 1987ರಲ್ಲಿ ಮನೋವಿಜ್ಞಾನಿ ಅಕೆನ್‌ಬಾಕ್ ಮತ್ತು ಸಂಗಡಿಗರು 119 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಮಕ್ಕಳು ತಮ್ಮ ಬಗ್ಗೆ ಹೇಳಿದ್ದಕ್ಕೂ ಬೇರೆಯವರು ಅವರ ಬಗ್ಗೆ ಹೇಳಿದ್ದಕ್ಕೂ ಸಹಸಂಬಂಧ ಸರಾಸರಿ 0.22 ಮಾತ್ರ (ಪೂರ್ತಿ ತಾಳೆಯಾದರೆ 1). ತಾಳೆಯಾದರೇ ಅನುಮಾನ ಪಡಬೇಕು, ಒಬ್ಬರೇ ಎರಡು ಹಾಳೆ ತುಂಬಿಸಿರಬಹುದು.

ಪ್ರಶ್ನೆ: ಬೆರಳಚ್ಚಿನಿಂದ ಮಗುವಿನ ಬುದ್ಧಿ ಅಳೆಯುವ ಡಿಎಂಐಟಿ ಪರೀಕ್ಷೆಯನ್ನು ಸಂಶೋಧನೆಗೆ ಬಳಸಬಹುದೇ?

ಉತ್ತರ: ಬೆರಳಚ್ಚು ಕಳ್ಳನನ್ನು ಹಿಡಿಯಲು. ಅದಕ್ಕೆ ದುಡ್ಡು ಕೊಟ್ಟ ಪೋಷಕರಿಗೂ ಇದೇ ಉತ್ತರ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್ ಬ್ರೈನ್' ಶಿಬಿರಗಳಿಗೆ ಬೇರೆ ಉತ್ತರ ಬೇಡ, ಮಕ್ಕಳು ಇಣುಕುವ ಮೂಗಿನ ಬದಿಯ ಸಂದಿ ಮುಚ್ಚಿ ನೋಡಿ.

ಪ್ರಶ್ನೆ: ಎಂ.ಎ. ಸೈಕಾಲಜಿ ಆಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಬಹುದೇ?

ಉತ್ತರ: ಇಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇಲ್ಲದೆ ಆ ಹೆಸರು ಬಳಸುವಂತಿಲ್ಲ.

ಪ್ರಶ್ನೆ: ಮನೆಯವರನ್ನೆಲ್ಲ ಚಿಕಿತ್ಸೆಗೆ ಕೂರಿಸುವುದು ಅಮೆರಿಕದ ಫ್ಯಾಷನ್ ಅಲ್ಲವೇ?

ಉತ್ತರ: 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿ ಉಳಿಸಿಕೊಂಡಿದ್ದರು. ಅಲ್ಲವೆಂದೇ ಉತ್ತರ.

ಪ್ರಶ್ನೆ: ಸಂದರ್ಶನದಲ್ಲಿ ಮಕ್ಕಳು ಬಾಯಿಬಿಡಲೆಂದು 'ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ' ಎನ್ನುತ್ತೇನೆ. ಸರಿಯೇ?

ಉತ್ತರ: ಇವತ್ತೇ ನಿಲ್ಲಿಸಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆ, 2012ರ 19ನೇ ಸೆಕ್ಷನ್ ಪ್ರಕಾರ ನೀವು ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಪೋಷಕರ ಒಪ್ಪಿಗೆ ಪತ್ರದ ಜೊತೆ 12 ದಾಟಿದ ಮಗುವಿನ ಸ್ವಂತ ಸಮ್ಮತಿಯನ್ನೂ ಬರಹದಲ್ಲಿ ಪಡೆಯಿರಿ. ಆ ಹಾಳೆಯಲ್ಲಿ ಹೀಗಿರಲಿ: 'ನೀನು ಹೇಳಿದ್ದನ್ನು ಅಪ್ಪ, ಅಮ್ಮ, ಟೀಚರಿಗೆ ಹೇಳುವುದಿಲ್ಲ. ಆದರೆ ಯಾರಾದರೂ ನಿನಗೆ ಹಾನಿ ಮಾಡುತ್ತಿದ್ದರೆ, ಅಥವಾ ನೀನೇ ಹಾನಿ ಮಾಡಿಕೊಳ್ಳುವ ಹಾಗಿದ್ದರೆ, ಸಹಾಯ ಮಾಡಬಲ್ಲವರಿಗೆ ಹೇಳಬೇಕಾಗುತ್ತದೆ. ಹೇಳುವ ಮೊದಲು ನಿನಗೆ ತಿಳಿಸುತ್ತೇನೆ.' ಇದನ್ನು ಓದಿ ಬಾಯಿ ಮುಚ್ಚಿ ಕೂತ ಮಗುವನ್ನು ಮತ್ತೆ ಕೆದಕಬೇಡಿ.